ನಮ್ಮಣ್ಣನ ರಾಡಿ ಬ್ಯಾಂಡ್

ನಮ್ಮಣ್ಣ ಹಾಡಲು ಬಾಯಿ ತೆರೆದರೆ ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತಿ ನಿಲ್ಲುತ್ತಿದ್ದವು. ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ನನ್ನನ್ನು ಕೇಳಬೇಡಿ, ಎಮ್ಮೆಗಳನ್ನೇ ಕೇಳಿ! ಮನುಷ್ಯರ ಅಭಿಪ್ರಾಯವನ್ನು ಬೇಕಾದರೆ ನಾನು ಹೇಳಬಲ್ಲೆ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಅವನ ಸಾಧನೆ ಶುರುವಾದರೆ ಎದುರುಮನೆಯವರು ಜ್ಯೇಷ್ಠಮಧು ತರುತ್ತಿದ್ದರು, ಪಕ್ಕದ ಮನೆಯವರು ಮೆಣಸಿನ ಕಷಾಯ ತರುತ್ತಿದ್ದರು, ಮೂಲೆಮನೆಯ ಮುದುಕಿ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಹಿಡಿದೇ ಬರುತ್ತಿದ್ದಳು. ಅದು ಹಾಡು ಎಂದು ಯಾರಿಗೂ ಅನ್ನಿಸಿರಲಿಲ್ಲ, ರೋಗ ಎಂದೇ ಎಲ್ಲರ ನಂಬಿಕೆ. ಆದರೆ ಸ್ವಾಮಿ, ಇಡೀ ಬೀದರ ಜಿಲ್ಲೆಯ ಮೊದಲ ಬ್ಲ್ಯಾಕ್ ಮೆಟಲ್ ಗಾಯಕ ಯಾರು ಎಂದರೆ ನಮ್ಮಣ್ಣ. ಕೊನೆಯವನೂ ಅವನೇ ಇರಬೇಕು.

ಅಣ್ಣ ಎಂದರೆ ನನ್ನ ದೊಡ್ಡಪ್ಪನ ಮಗ. ನಮ್ಮದು ಒಂದೇ ಮನೆ, ಒಂದೇ ಒಲೆ, ಒಂದೇ ಕನ್ನಡಿ. ಆ ಕನ್ನಡಿಯ ಮುಂದೆ ನನಗಿಂತ ಹೆಚ್ಚು ಹೊತ್ತು ಅವನೇ ನಿಂತಿರುತ್ತಿದ್ದ. ಅದೂ ನನ್ನ ಕಾಡಿಗೆ ಡಬ್ಬಿ ಹಿಡಿದುಕೊಂಡು! ಅದರ ಕಥೆಗೆ ಆಮೇಲೆ ಬರುತ್ತೇನೆ.

ದೊಡ್ಡಪ್ಪನ ದನಿಯ ಬಗ್ಗೆ ಮೊದಲು ಹೇಳಬೇಕು. ಪ್ರತಿ ಸೋಮವಾರ ಸಂಜೆ ಮಠದಲ್ಲಿ ಭಜನೆ, ಅದಕ್ಕೆ ದೊಡ್ಡಪ್ಪನೇ ಮುಂದಾಳು. ಅವರು ದನಿ ಎತ್ತಿದರೆ ಚೌಕಾಶಿ ಮಾಡುತ್ತಿದ್ದ ತರಕಾರಿಯವಳೂ ತಕ್ಕಡಿ ಕೆಳಗಿಡುತ್ತಿದ್ದಳು. ಅಣ್ಣ ಚಿಕ್ಕವನಿದ್ದಾಗ ಅಪ್ಪನ ಬಲಕ್ಕೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ಹಾಡುತ್ತಿದ್ದ. ಅಪ್ಪ ಒಂದು ಸಾಲು, ಮಗ ಒಂದು ಸಾಲು. ಆಮೇಲೆ ಎಲ್ಲ ಹುಡುಗರಿಗೂ ಆಗುವಂತೆ ಅವನ ದನಿಯೂ ಒಡೆಯಿತು. ಉಳಿದವರ ದನಿ ಒಡೆದು ಮತ್ತೆ ಕೂಡಿಕೊಳ್ಳುತ್ತದೆ. ಇವನದು ಒಡೆದದ್ದು ಒಡೆದೇ ಉಳಿಯಿತು. ಕಲ್ಲಿನ ಮೇಲೆ ಹಾರೆ ಎಳೆದ ಹಾಗೆ! ಒಂದು ಸೋಮವಾರ ದೊಡ್ಡಪ್ಪ ಬಹಳ ಮೆತ್ತಗೆ ಹೇಳಿದರು.

"ಹಿಂದ ಹೋಗಿ ಕೂಡಪ. ತಾಳ ಹಾಕು. ಬಾಯಿ ತೆರಿಬ್ಯಾಡ."

ಬೈದಿದ್ದರೆ ಮರೆಯಬಹುದಿತ್ತು. ಮೆತ್ತಗೆ ಹೇಳಿದ್ದೇ ತಪ್ಪಾಯಿತು. ಅಣ್ಣ ಹಿಂದೆ ಹೋಗಿ ಗೋಡೆಗೆ ಒರಗಿ ಕೂತ. ಆಮೇಲೆ ಅವನು ಏನೇನು ಹುಚ್ಚಾಟ ಆಡಿದರೂ, ನನಗೆ ಮಾತ್ರ ಗೊತ್ತಿತ್ತು, ಅವನಿಗೆ ಬೇಕಾಗಿದ್ದದ್ದು ಅಪ್ಪನ ಬಲಗಡೆಯ ಆ ಒಂದು ಮೊಳ ಜಾಗ.

ಇಂಥವನ ಕೈಗೆ ಆ ಕ್ಯಾಸೆಟ್ ಸಿಕ್ಕಿತು. ಅದು ತೊಂಬತ್ತರ ದಶಕ. ಪುಣೆಯಿಂದ ಹೈದರಾಬಾದಿಗೆ ಹೊರಟ ಪರದೇಶದವರ ಬಸ್ಸೊಂದು ಹುಮನಾಬಾದಿನ ಹತ್ತಿರ ಕೆಟ್ಟು ನಿಂತಿತಂತೆ. ಢಾಬಾದಲ್ಲಿ ಉಂಡು ಹೋದವರು ಒಂದು ಕ್ಯಾಸೆಟ್ ಬಿಟ್ಟು ಹೋದರು. ಢಾಬಾದವನು ಅದನ್ನು ಹಾಕಿ ನೋಡಿ ಹೆದರಿ, ಟೇಪ್‌ರಿಕಾರ್ಡರು ಕೆಟ್ಟಿತೆಂದು ಸೆಟ್ಟಿನ ಸಮೇತ ಬಸವಕಲ್ಯಾಣದ ರಿಪೇರಿ ಚಾಚಾನ ಅಂಗಡಿಗೆ ಕಳಿಸಿದ. ಅಣ್ಣ ಕಾಲೇಜು ತಪ್ಪಿಸಿ ಕೂರುತ್ತಿದ್ದದ್ದು ಅದೇ ಅಂಗಡಿಯಲ್ಲಿ. ಚಾಚಾ ಹೆಡ್ ಒರೆಸಿದ, ಬೆಲ್ಟ್ ಬದಲಿಸಿದ, ಮೋಟಾರಿಗೆ ಎಣ್ಣೆ ಬಿಟ್ಟ. ಒಳಗಿನಿಂದ ಮತ್ತೆ ಅದೇ ಗರ್ಜನೆ. ಕೊನೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು ಹಣೆ ಒರೆಸಿಕೊಂಡ.

"ಬೇಟಾ, ಮಷೀನ್ ಸಾಫ್ ಅದ. ಹಾಡಾಂವನೇ ಖರಾಬ್ ಇದ್ದಾನ!"

ಅಣ್ಣ ಆ ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡು ಮನೆಗೆ ಬಂದ. ತನ್ನಂಥದೇ ದನಿ! ಅದನ್ನು ಯಾರೋ ಹಿಂದೆ ಕೂರಿಸದೆ, ಬಾಯಿ ಮುಚ್ಚಿಸದೆ, ಕ್ಯಾಸೆಟ್ ಮಾಡಿ ಮಾರಿದ್ದಾರೆ! ಅದರ ಹೊದಿಕೆಯ ಮೇಲೆ ಒಂದು ಚಿತ್ರವಿತ್ತು. ಕಪ್ಪು ನೀರು, ಅದರೊಳಗೆ ಸತ್ತ ಮರಗಳು, ಮೇಲೆ ಮಂಜು. ಹಾಡಿನ ಭಾಷೆ ಯಾವುದೆಂದು ನಮಗ್ಯಾರಿಗೂ ತಿಳಿಯಲಿಲ್ಲ. ಕಿರಾಣಿ ಅಂಗಡಿಯವನು ತೆಲುಗು ಎಂದ, ಬೇಸಿಗೆಗೆ ಬಂದಿದ್ದ ತೆಲುಗರ ಸೊಸೆ ಮರಾಠಿ ಎಂದಳು. ಅಣ್ಣನಿಗೆ ಭಾಷೆಯ ಗೊಡವೆ ಬೇಕಿರಲಿಲ್ಲ. ಅವನು ದಿನಗಟ್ಟಲೆ ಚಿತ್ರವನ್ನೇ ನೋಡಿದ.

"ನೋಡು, ಎಷ್ಟ್ ನೀರ್ ನಿಂತದ. ಒಬ್ಬರರೆ ಕೊಡ ಹಿಡಕೊಂಡು ಪಾಳಿಗೆ ನಿಂತಾರೇನು?"

"ಅದು ಹೊಲಸ ನೀರು, ಅಣ್ಣಾ."

"ಇರ್ಲಿ. ಅಲ್ಲಿ ವಟವಟ ಹಾಡಾವು ಕಪ್ಪಿ. ಕಪ್ಪಿಗೆ ಯಾರೂ ಹಿಂದ ಹೋಗಿ ಕೂಡು ಅನ್ನಂಗಿಲ್ಲ."

ನಾನು ನಕ್ಕೆ. ಆಮೇಲೆ ನಗು ಅಲ್ಲೇ ನಿಂತಿತು.

ಹೀಗೆ ಹುಟ್ಟಿದ್ದು 'ರಾಡಿ' ಎಂಬ ಬ್ಯಾಂಡ್. ಕೊಡದ ಪಾಳಿಯಲ್ಲಿ ಜಡೆ ಹಿಡಿದು ಜಗಳವಾಡುವ ಊರಿನಲ್ಲಿ ಜೌಗುಭೂಮಿಯ ಮೇಲೆ ಹಾಡು ಕಟ್ಟಲು ಹೊರಟ ಬ್ಯಾಂಡ್! ಸದಸ್ಯರು ಮೂವರು. ಗಾಯನ ಅಣ್ಣನದು. ಗಿಟಾರು ರಿಪೇರಿ ಚಾಚಾನದು. ಹುಮನಾಬಾದಿನ ಯಾವುದೋ ಆರ್ಕೆಸ್ಟ್ರಾದವರು ಮೂಲೆಗೆ ಒಗೆದಿದ್ದ ಗಿಟಾರನ್ನು ತಂದು, ಇಲ್ಲದ ತಂತಿಗಳ ಜಾಗಕ್ಕೆ ಸೈಕಲ್ಲಿನ ಬ್ರೇಕ್ ತಂತಿ ಬಿಗಿದಿದ್ದ. ಚಾಚಾನ ಸಂಕಟ ಬೇರೆ ಇತ್ತು. ಜೀವಮಾನವಿಡೀ ಜನರ ಸ್ಪೀಕರುಗಳಿಂದ ಗೊರಗೊರ ಸದ್ದು ತೆಗೆದು ಬದುಕಿದ ಮನುಷ್ಯನಿಗೆ ಇನ್ನಷ್ಟು ಗೊರಗೊರ ಹಾಕು ಎಂದರೆ ಹೇಗಾಗಬೇಡ? ಆ ಗೊರಗೊರ ಬರಲೆಂದು ಒಳ್ಳೆಯ ಸ್ಪೀಕರಿನ ಕಾಗದಕ್ಕೆ ಬ್ಲೇಡು ಹಾಕುವಾಗ ಅವನು ಕಣ್ಣು ಮುಚ್ಚಿಕೊಂಡು "ಮಾಫ್ ಕರೋ" ಅಂದಿದ್ದ. ಯಾರಿಗೆ ಅಂದನೋ, ಸ್ಪೀಕರಿಗೇ ಇರಬೇಕು.

ಮೂರನೆಯವನು ಹುಮನಾಬಾದಿನ ಮದುವೆ ಬ್ಯಾಂಡಿನ ಢೋಲಿನವನು. ಕೈ ಬಲು ಚುರುಕು. ಆದರೆ ಒಂದೇ ರೋಗ. ಮೆರವಣಿಗೆಯಲ್ಲಿ ಬಾರಿಸಿ ಬಾರಿಸಿ, ಯಾವ ಹಾಡು ಶುರು ಮಾಡಿದರೂ ಸ್ವಲ್ಪ ಹೊತ್ತಿಗೆ ಅವನ ಕೈ ತಾನಾಗಿಯೇ ಬರಾತಿನ ಗತ್ತಿಗೆ ಜಾರುತ್ತಿತ್ತು. ಅಣ್ಣ ಕಣ್ಣು ಮೇಲಕ್ಕೆ ತಿರುಗಿಸಿ "ಕೊಳೆತ ನೀರೇ, ನನ್ನ ಮೊಣಕಾಲ ತನಕ ಬಾ" ಎಂದು ಒದರುತ್ತಿದ್ದರೆ, ಹಿಂದಿನಿಂದ ಮದುಮಗನನ್ನು ಕುದುರೆ ಹತ್ತಿಸುವ ಢೋಲು! ಅಣ್ಣ ತಿರುಗಿ ನೋಡುತ್ತಿದ್ದ. ಅವನು ನಾಲಿಗೆ ಕಚ್ಚಿಕೊಂಡು, "ಕೈ ಕೇಳಂಗಿಲ್ರೀ" ಅನ್ನುತ್ತಿದ್ದ.

ಹೈದರಾಬಾದಿನಲ್ಲಿ ಓದುತ್ತಿದ್ದ ಒಬ್ಬ ಹುಡುಗ ಬಸ್ಸಿನಲ್ಲಿ ಸಿಕ್ಕಾಗ, ಈ ತರದ ಹಾಡಿಗೆ ಬ್ಲ್ಯಾಕ್ ಮೆಟಲ್ ಎನ್ನುತ್ತಾರೆ, ಹಾಡುವವರು ಹೆಣದ ಹಾಗೆ ಕಾಣಲು ಮುಖಕ್ಕೆ ಕಪ್ಪು ಬಿಳಿ ಬಳಿದುಕೊಳ್ಳುತ್ತಾರೆ ಎಂದು ಹೇಳಿದನಂತೆ. ಅಣ್ಣ ಹೆಮ್ಮೆಯಿಂದ ಮನೆಯಲ್ಲಿ ಹೇಳಿದ. ನಮ್ಮ ಸೀಮೆಯಲ್ಲಿ ಕರೀ ಲೋಹ ಎಂದರೆ ಬಿದರಿ ಕೆಲಸ ಬಿಟ್ಟು ಇನ್ನೇನು? ಮಗ ಬಿದರಿ ಕಲಿಯಲು ಹೊರಟಿದ್ದಾನೆಂದು ದೊಡ್ಡಮ್ಮ ಓಣಿಗೆಲ್ಲ ಬೆಲ್ಲ ಹಂಚಿಬಿಟ್ಟಳು. ಒಂದು ಹೂದಾನಿ ನಮಗೂ ಮಾಡಿಕೊಡಲಿ ಎಂದು ನಾಲ್ಕಾರು ಮನೆಯವರು ಕೇಳಿಕೊಂಡು ಬಂದರು.

ಇನ್ನು ಸ್ಫೂರ್ತಿಗೆ ರಾಡಿ ಬೇಕಲ್ಲ! ಕಂಡವರೆಲ್ಲ ಮುಡಬಿಯ ಕಡೆ ಹೋಗಿ ಎಂದರು. ಮೂವರೂ ಆಟೋದಲ್ಲಿ ಹೊರಟರು, ಊಟದ ಗಂಟು ಹಿಡಿದು ನಾನೂ ಹೋದೆ. ಅಲ್ಲೊಂದು ಹೊಂಡ. ಎಮ್ಮೆಗಳು ಮೂಗಿನ ತನಕ ಮುಳುಗಿ ಸುಖವಾಗಿದ್ದವು. ದಂಡೆಯಲ್ಲಿ ಒಬ್ಬ ಅಜ್ಜಿ ಎಮ್ಮೆಗೆ ಹುಲ್ಲಿನ ಸಿಂಬಿಯಿಂದ ಮೈ ತಿಕ್ಕುತ್ತಿದ್ದಳು.

"ಏನ್ ಹುಡುಕಾಕತ್ತೀರಿ ಮಕ್ಕಳ್ರ್ಯಾ?"

"ರಾಡಿ, ಆಯಿ," ಎಂದ ಅಣ್ಣ, ಬಹಳ ಭಕ್ತಿಯಿಂದ.

ಅಜ್ಜಿ ತಿಕ್ಕುವುದನ್ನು ನಿಲ್ಲಿಸಿದಳು. ಮೂವರನ್ನೂ ಮೇಲಿಂದ ಕೆಳಗೆ ನೋಡಿದಳು.

"ಕಲ್ಯಾಣದಿಂದ ಆಟೋ ಮಾಡ್ಕೊಂಡು ಬಂದೀರಿ? ಯಾಕ, ನಿಮ್ಮ ಮನ್ಯಾಗ ಬಚ್ಚಲ ಇಲ್ಲೇನು?"

ಆದರೂ ಅಣ್ಣ ಪ್ಯಾಂಟು ಮಡಚಿ ಇಳಿದೇಬಿಟ್ಟ. ಎರೆಮಣ್ಣಿನ ರಾಡಿ, ಹಿಡಿದರೆ ಬಿಡುತ್ತದೆಯೇ? ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ನಡುನೀರಿನಲ್ಲಿ ನಿಂತು ಅವನು ದನಿ ತೆಗೆದ. ಎಮ್ಮೆಗಳು ತಲೆ ಎತ್ತಿದವು. ಬಿಸಿಲಿತ್ತು, ಗಾಳಿ ಇರಲಿಲ್ಲ. ಆ ದನಿ ನೀರಿನ ಮೇಲೆ ಹರಡಿ ಆಚೆ ದಂಡೆಗೆ ಮುಟ್ಟಿತು. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಹಾಡು ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಮಾತು. "ಅಪ್ಪ ಇಲ್ಲಿ ಬಂದು ಕೇಳಿದ್ರ ಹ್ಯಾಂಗಿರ್ತಿತ್ತು?"

ನಾನು ರೊಟ್ಟಿ ಬಿಚ್ಚಿ ಕೊಟ್ಟೆ.

ರಾಡಿಯದೂ ಒಂದು ಕ್ಯಾಸೆಟ್ ಮಾಡಬೇಕೆಂದು ಹೊರಟು, ಅದರ ಹೊದಿಕೆಗೆ ಫೋಟೋ ತೆಗೆಸುವ ದಿನ ನನ್ನ ಕಾಡಿಗೆ ಡಬ್ಬಿ ಖಾಲಿಯಾಯಿತು. ಕಣ್ಣಿನ ಸುತ್ತ ಕಾಡಿಗೆ, ಉಳಿದ ಮುಖಕ್ಕೆಲ್ಲ ದೊಡ್ಡಪ್ಪನ ವಿಭೂತಿ. ಹುಮನಾಬಾದಿನಿಂದ ಬಂದ ಫೋಟೋದವನು ಹೊಂಡದ ದಂಡೆಯಲ್ಲಿ ನಿಂತು "ಸ್ವಲ್ಪ ನಗ್ರಿ" ಎಂದು ಗೋಗರೆದ. ಯಾರೂ ನಗಲಿಲ್ಲ. ಪಾಪ, ವಾರದ ನಂತರ ಫೋಟೋ ಕೊಡುವಾಗ ಅವನ ಮುಖ ಮಾತ್ರ ಅರಳಿತ್ತು.

"ರಾತ್ರಿ ಹಗಲು ಕೂತು ಬ್ರಷ್ ಹೊಡದೀನ್ರಿ. ಮುಖದ ಮ್ಯಾಲಿನ ಕಲಿ ಎಲ್ಲಾ ಹೋಗ್ಯಾವ. ಹೆಣ್ ಕೊಡಾವ್ರು ಮನೀಗಿ ಬರ್ತಾರ ನೋಡ್ರಿ ಈಗ!"

ಕಾಡಿಗೆ ಇಲ್ಲ, ವಿಭೂತಿ ಇಲ್ಲ, ಕೆನ್ನೆಗೆ ತೆಳ್ಳಗೆ ಗುಲಾಬಿ ಬಣ್ಣ! ಮೂವರೂ ಎಮ್ಮೆಯ ಹೊಂಡದಲ್ಲಿ ನಿಂತ ಮದುಮಕ್ಕಳ ಹಾಗೆ ಕಾಣುತ್ತಿದ್ದರು. ಅಣ್ಣ ಎರಡು ದಿನ ಊಟ ಬಿಟ್ಟ. ದೊಡ್ಡಮ್ಮ ಆ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು.

ದೊಡ್ಡಪ್ಪನಿಗೆ ಬ್ಯಾಂಡಿನ ಸುದ್ದಿ ಏನೂ ಗೊತ್ತಿರಲಿಲ್ಲ, ಆ ಒದರಾಟವನ್ನು ಅವರೂ ಗಂಟಲ ರೋಗವೆಂದೇ ನಂಬಿದ್ದರು. ವಿಭೂತಿ ಗಟ್ಟಿಗಳು ಬೇಗಬೇಗ ಸವೆಯುತ್ತಿದ್ದದ್ದನ್ನು ಕಂಡು ಅವರು ಭಜನೆಯ ಗೆಳೆಯರ ಮುಂದೆ, "ಹುಡುಗ ಮೂರೂ ಹೊತ್ತು ಲಿಂಗಪೂಜಿ ಮಾಡಾಕತ್ತಾನ" ಎಂದು ಹೇಳಿ ಕಣ್ಣೊರೆಸಿಕೊಂಡಿದ್ದರು!

ನಿಜ ತಿಳಿದದ್ದು ಹುಮನಾಬಾದಿನ ಒಂದು ಮದುವೆಯಲ್ಲಿ. ಢೋಲಿನವನ ಬ್ಯಾಂಡಿನವರ ಗಾಡಿ ದಾರಿಯಲ್ಲಿ ಕೆಟ್ಟು, ಮೆರವಣಿಗೆಗೆ ವಾದ್ಯವೇ ಇಲ್ಲ ಎಂದಾಯಿತು. ಅವನು ಗಾಬರಿಯಾಗಿ ಅಣ್ಣನಿಗೂ ಚಾಚಾನಿಗೂ ಫೋನು ಮಾಡಿಸಿದ. ಜನರ ಮುಂದೆ ಹಾಡುವ ಅವಕಾಶ! ಮುಖಕ್ಕೆ ಬಳಿದುಕೊಂಡೇ ಇಬ್ಬರೂ ಬಸ್ಸು ಹತ್ತಿದರು. ಹೆಣ್ಣಿನ ಕಡೆಯ ಹಿರಿಯರು ಭಜನೆಯ ಬಳಗದವರು, ಹೀಗಾಗಿ ನಮ್ಮ ಮನೆಯವರೆಲ್ಲ ಮೊದಲೇ ಅಲ್ಲಿದ್ದೆವು. ದೊಡ್ಡಪ್ಪ ಕೋಟು ಟೊಪಿಗೆ ಹಾಕಿ ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

ಮುಖದ ತುಂಬ ವಿಭೂತಿ ಬಳಿದ ಗಾಯಕನನ್ನು ಕಂಡು ಮುದುಕರೆಲ್ಲ ಎದ್ದು ನಿಂತರು. "ಈಗಿನ ಕಾಲದಾಗೂ ಇಂಥಾ ಹುಡುಗ್ರು ಅದಾರಂದ್ರ!" ಎಂದು ಒಬ್ಬರು ಅವನ ಕಾಲಿಗೇ ಬಿದ್ದರು. ಪಕ್ಕದಲ್ಲಿ ಚಾಚಾನೂ ಬಿಳಿ ಬಳಿದುಕೊಂಡು ಗಿಟಾರು ಹಿಡಿದಿದ್ದ, ಅವನ ಕಾಲಿಗೂ ಬಿದ್ದರು. ಚಾಚಾ "ಅರೆ ಅರೆ, ಜೀತೇ ರಹೋ" ಎಂದು ಆಶೀರ್ವಾದ ಮಾಡಿದ!

ಅಣ್ಣ ದನಿ ತೆಗೆದ. ಮದುಮಗನ ಕುದುರೆ ಎರಡೇ ಸಾಲು ಕೇಳಿತು. ಆಮೇಲೆ ಮದುಮಗನ ಸಮೇತ ಊರಾಚೆಯ ಕಾರ್ಖಾನೆಗಳ ಕಡೆ ಹೊರಟಿತು. ಜನ ಕಿವಿ ಮುಚ್ಚಿಕೊಂಡರು, ಕೂಸುಗಳು ಅಳತೊಡಗಿದವು. ಇನ್ನೇನು ಹೊಡೆತ ಬೀಳುತ್ತದೆ ಅನ್ನುವಷ್ಟರಲ್ಲಿ ಢೋಲಿನವನ ಕೈ ಎಂದಿನಂತೆ ಜಾರಿತು. ಬರಾತಿನ ಗತ್ತು! ಮೊದಲು ಮದುಮಗನ ಸೋದರತ್ತೆ ಸೆರಗು ಸಿಕ್ಕಿಸಿ ಇಳಿದಳು, ಆಮೇಲೆ ಇಡೀ ದಿಬ್ಬಣವೇ ಇಳಿಯಿತು. ಕೊಳೆತ ನೀರು, ಜಿಗಣೆ, ಸತ್ತ ಮರ ಎಂದು ಅಣ್ಣ ಒದರುತ್ತಿದ್ದಾನೆ, ಜರತಾರಿ ಸೀರೆಗಳು ಗಿರಗಿರ ತಿರುಗುತ್ತಿವೆ! ರಾಡಿ ಬ್ಯಾಂಡಿಗೆ ಅಂಥ ವೈಭವ ಮತ್ತೆ ಬರಲಿಲ್ಲ.

ಆದರೆ ಅಣ್ಣ ಕುಣಿಯುವವರನ್ನು ನೋಡುತ್ತಿರಲಿಲ್ಲ, ಮುಂದಿನ ಕುರ್ಚಿಯನ್ನು ನೋಡುತ್ತಿದ್ದ. ದೊಡ್ಡಪ್ಪ ಟೊಪಿಗೆ ಸರಿಮಾಡಿಕೊಂಡು ಎದ್ದರು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ವಾಪಸ್ಸು ಬಂದದ್ದು ಎಲ್ಲರೂ ಒಂದೇ ಬಸ್ಸಿನಲ್ಲಿ. ಅಪ್ಪ ಮುಂದಿನ ಸೀಟಿನಲ್ಲಿ, ಮಗ ಕೊನೆಯ ಸೀಟಿನಲ್ಲಿ. ಮನೆಗೆ ಬಂದ ಮೇಲೆ ದೊಡ್ಡಪ್ಪ, "ಮುಖ ತೊಳಕೋ" ಎಂದರು. ಅಷ್ಟೇ.

"ಪೂರಾ ಕೇಳಲಿಲ್ಲ ನೋಡು," ಎಂದ ಅಣ್ಣ, ಬಚ್ಚಲಲ್ಲಿ ಮುಖ ತಿಕ್ಕಿಕೊಳ್ಳುತ್ತ. "ಪೂರಾ ಕೇಳಿ ಬೈದಿದ್ರ ನಡೀತಿತ್ತು."

ಬ್ಯಾಂಡು ಒಡೆಯಲು ಜಗಳವೇನೂ ಬೇಕಾಗಲಿಲ್ಲ. ಢೋಲಿನವನಿಗೆ ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಸಿಕ್ಕಿತು. ಅಲ್ಲಿಯೂ ಡಬ್ಬಗಳ ಮೇಲೆ ಬರಾತು ಬಾರಿಸಿ ಬೈಸಿಕೊಂಡನಂತೆ. ಕ್ಯಾಸೆಟ್ಟಿನ ಕಾಲ ಹೋಗಿ ಮೊಬೈಲು ಬಂತು, ಚಾಚಾ ಅಂಗಡಿಯನ್ನು ಅಳಿಯನಿಗೆ ಬಿಟ್ಟು ಹೊರಗೆ ಕುರ್ಚಿ ಹಾಕಿಕೊಂಡ. ಅಣ್ಣ ಹುಮನಾಬಾದಿನ ಅಡತಿ ಅಂಗಡಿಯೊಂದರಲ್ಲಿ ತೊಗರಿ ಹರಾಜು ಕೂಗುವ ಕೆಲಸಕ್ಕೆ ಸೇರಿದ. ಆ ದನಿಗೆ ಸರಿಯಾದ ನೌಕರಿ! ಇವನು ಕೂಗಿದ ಮೇಲೆ ಇನ್ನೊಬ್ಬರು ಬಾಯಿ ಹಾಕುವ ಮಾತೇ ಇರಲಿಲ್ಲ. ಆದರೆ ಮನೆಗೆ ಬಂದರೆ ಮೌನ. ಸೋಮವಾರ ತಪ್ಪದೆ ಮಠಕ್ಕೆ ಹೋಗಿ, ಹಿಂದಿನ ಗೋಡೆಗೆ ಒರಗಿ, ಬಾಯಿ ಬಿಗಿದು ತಾಳ ಹಾಕಿ ಬರುತ್ತಿದ್ದ. ನಾನು ಮದುವೆಯಾಗಿ ದೂರ ಹೋದೆ. ಸೈಲೆನ್ಸರು ಒಡೆದ ಲಾರಿ ಹೋದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದೆ. ನನ್ನ ಅತ್ತೆ ಏನಾಯಿತು ಎಂದು ಕೇಳುತ್ತಿದ್ದರು. ತವರು ನೆನಪಾಯಿತು ಎಂದರೆ ಯಾರು ನಂಬುತ್ತಾರೆ?

ಆಮೇಲೊಂದು ಬೇಸಿಗೆ ತವರಿಗೆ ಹೋದಾಗ ಮನೆಯಲ್ಲಿ ವಿಚಿತ್ರ ದೂರುಗಳು. ಹಾರ್ಮೋನಿಯಂ ಕೆಟ್ಟಿದೆ ಎನ್ನುತ್ತಿದ್ದರು ದೊಡ್ಡಪ್ಪ. ಎರಡು ಸಲ ರಿಪೇರಿ ಮಾಡಿಸಿಯೂ ಆಗಿತ್ತಂತೆ. "ಮಂದಿ ಮೈಗಳ್ಳರಾಗ್ಯಾರ. ಬರೀ ಬಾಯಿ ಆಡಸ್ತಾರ, ಹಾಡಂಗಿಲ್ಲ" ಎಂದು ಮಠಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಕೆಟ್ಟದ್ದು ಹಾರ್ಮೋನಿಯಂ ಅಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿದೆ? ಕೊನೆಗೆ ಡಾಕ್ಟರೇ ಹೇಳಿದರು. ವಯಸ್ಸಿಗೆ ಕಿವಿ ಹೋಗಿದೆ, ತೆಳುವಾದ ದನಿಗಳು ಇನ್ನು ಕೇಳಿಸುವುದಿಲ್ಲ, ದಪ್ಪ ದನಿಯೇನಾದರೂ ಇದ್ದರೆ ಕೇಳಿಸೀತು. ಕಿವಿಗೆ ಹಾಕಿದ ಯಂತ್ರ ಸಿಳ್ಳೆ ಹೊಡೆಯುತ್ತದೆಂದು ಅದನ್ನು ತೆಗೆದು ಗೂಡಿನಲ್ಲಿಟ್ಟರು. ನಾವು ಕೂಗಿ ಕೂಗಿ ಸೋತೆವು. ಅಷ್ಟು ಚೆಂದ ಹಾಡುತ್ತಿದ್ದ ಮನುಷ್ಯ ದಿನವಿಡೀ ಕಟ್ಟೆಯ ಮೇಲೆ ಸುಮ್ಮನೆ ಕೂತಿರುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಣ್ಣ ಹಿತ್ತಲಲ್ಲಿ ಗಾಡಿ ತೊಳೆಯುತ್ತಿದ್ದ. ಯಾರೂ ಇಲ್ಲವೆಂದುಕೊಂಡು, ರಾಡಿಯ ಹಳೆಯ ಹಾಡನ್ನು ಗಂಟಲಲ್ಲೇ ಗುರುಗುಟ್ಟುತ್ತಿದ್ದ. ಮುಂದಿನ ಕಟ್ಟೆಯಿಂದ ದೊಡ್ಡಪ್ಪನ ಕೂಗು ಬಂತು.

"ಯಾರದು ಹಾಡಾಕತ್ತಾರ?"

ದೊಡ್ಡಮ್ಮನ ಕೈಯ ಹಿಟ್ಟು ಪರಾತಕ್ಕೆ ಬಿತ್ತು. ಅಣ್ಣ ಒದ್ದೆ ಕೈಯಲ್ಲೇ ಬಂದು, ತಪ್ಪು ಮಾಡಿದವನಂತೆ ನಿಂತ. ದೊಡ್ಡಪ್ಪ ಅವನ ಮುಖ ನೋಡಿ, "ನೀನೇನು? ಕೇಳಸ್ತು. ಇನ್ನೊಮ್ಮೆ ಹಾಡು" ಎಂದರು. ಅಣ್ಣ ಅಪ್ಪನ ಮಗ್ಗುಲಲ್ಲಿ ಕೂತು, ಕಿವಿಯ ಹತ್ತಿರ ಬಾಯಿಟ್ಟು, ಹೊಂಡದ ತಳದಿಂದ ಬಂದಂಥ ಆ ದನಿಯಲ್ಲಿ ಶುರುಮಾಡಿದ. ಜೌಗಿನ ಹಾಡಲ್ಲ. ಸೋಮವಾರ ದೊಡ್ಡಪ್ಪ ಮೊದಲು ಎತ್ತುತ್ತಿದ್ದ ಪದ. ಎರಡನೆಯ ಸಾಲಿಗೆ ದೊಡ್ಡಪ್ಪನ ತುಟಿ ಅಲುಗಿತು, ಮೂರನೆಯ ಸಾಲಿಗೆ ದನಿ ಕೂಡಿತು. ಅವರ ದನಿಗೆ ಏನೂ ಆಗಿರಲಿಲ್ಲ. ಹಾಗೇ ಇತ್ತು! ನಾನು ಬಾಗಿಲಿಗೆ ಮುಖ ಒತ್ತಿ ಅತ್ತೆ.

ಬಂದ ಸೋಮವಾರ ದೊಡ್ಡಪ್ಪ ಮಠಕ್ಕೆ ಹೋದರು. ಅಣ್ಣನನ್ನು ಕೈಹಿಡಿದು ಎಳೆದು ಬಲಗಡೆ ಕೂರಿಸಿಕೊಂಡರು. ಮಗ ಕಿವಿಯಲ್ಲಿ ಸಾಲು ಹೇಳುವುದು, ಅಪ್ಪ ಅದನ್ನು ಎತ್ತಿ ಹಾಡುವುದು. ಕೆಳಗೆ ಆ ಗರ್ಜನೆ, ಮೇಲೆ ಈ ಇಂಪು. ಮೊದಲು ಒಬ್ಬಿಬ್ಬರು ಬಾಯಿಗೆ ಟವಲು ಒತ್ತಿಕೊಂಡರು. ಆಮೇಲೆ ಯಾರೂ ನಗಲಿಲ್ಲ. ದೊಡ್ಡಪ್ಪ ಬದುಕಿದ್ದಷ್ಟು ಕಾಲ ಹಾಗೆಯೇ ನಡೆಯಿತು. ಈಗ ಅವರಿಲ್ಲ. ಆ ಎರಡು ದನಿಗಳನ್ನು ಕೂಡಿ ಇನ್ನೊಮ್ಮೆ ಕೇಳಬೇಕೆಂದು ನನಗೆ ಅದೆಷ್ಟು ಆಸೆಯಾಗುತ್ತದೆಂದು ಯಾರಿಗೆ ಹೇಳಲಿ?

ಆ ಮೊದಲ ಸೋಮವಾರ ಪದ ಮುಗಿದ ಮೇಲೆ ದೊಡ್ಡಪ್ಪ ಮಗನ ಕಡೆ ತಿರುಗಿದರು. ಕಿವುಡರು ಮಾತಾಡುವಂತೆ, ಇಡೀ ಮಠಕ್ಕೆ ಕೇಳುವಷ್ಟು ಜೋರಾಗಿ ಕೇಳಿದರು.

"ಎಷ್ಟ್ ಚಲೋ ಹಾಡ್ತಿ! ಇಷ್ಟ್ ವರ್ಷ ಯಾಕ ಸುಮ್ನ ಕುಂತಿದ್ದೆಪ್ಪ?"

ಅಣ್ಣ ಬಗ್ಗಿ ಅವರ ಕಿವಿಯಲ್ಲಿ ಹೇಳಿದ.

"ನೀವ್ ಕರೀತೀರಿ ಅಂತ ಕಾಯಾಕತ್ತಿದ್ದೆ, ಅಪ್ಪಾ."

ದೊಡ್ಡಪ್ಪನಿಗೆ ಅದೂ ಕೇಳಿಸಿತು.